ಪಾಯಿಂಟ್ ನಾಲ್ಕು: ಒಬ್ಬ ಜಿಮ್ ಟ್ರೈನರ್‌ನ ಸರ್ಟಿಫಿಕೇಟ್ ರಿನ್ಯೂವಲ್ ಪ್ರಕರಣ

ಇದು 2023ರ ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಮಂಗಳೂರಿನ ಒಂದು ಜಿಮ್‌ನಲ್ಲಿ ನಡೆದದ್ದು. ಟ್ರೈನರ್‌ನನ್ನು ದಿನೇಶ ಎಂದು ಕರೆಯುತ್ತೇನೆ, ಅದು ಅವನ ಹೆಸರಲ್ಲ. ಜಿಮ್, ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ, ಕಂಪೆನಿ, ಆಸ್ಪತ್ರೆ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಆ ಜಿಮ್‌ನ ಟ್ರೈನರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಹಾಗಾಗಿ ಈ ಎಡವಟ್ಟಿನಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ದಿನೇಶನಿಗೆ ಆಗ 28 ವರ್ಷ. ಸುರತ್ಕಲ್ ಕಡೆಯ ಒಂದು ವ್ಯಾಯಾಮ ಶಾಲೆಯಲ್ಲಿ ಪವರ್‌ಲಿಫ್ಟಿಂಗ್ ಕಲಿತವನು. ಗೋಡೆಯಲ್ಲಿ ಆಂಜನೇಯನ ಪಟ, ಮೂಲೆಯಲ್ಲಿ ತುಕ್ಕು ಹಿಡಿದ ಪ್ಲೇಟು, ತಪ್ಪಿದರೆ ಬೈಯಲು ಒಬ್ಬರು ಗುರುಗಳು. ನಮ್ಮ ಕರಾವಳಿಯ ಟ್ರೈನರ್‌ಗಳಲ್ಲಿ ಇಂಥ ಕಡೆಯಿಂದ ಬಂದವರೇ ಜಾಸ್ತಿ. ಅಲ್ಲಿ ಕಲಿತದ್ದಕ್ಕೆ ಯಾರೂ ಕಾಗದ ಕೇಳುವುದಿಲ್ಲ.

ಕಾಗದ ಬೇಕಾದದ್ದು ನಮ್ಮ ಜಿಮ್‌ಗೆ ಬಂದ ಮೇಲೆ. 2021ರ ನವೆಂಬರ್‌ನಲ್ಲಿ ಅವನು ಅಮೆರಿಕದ ಒಂದು ಸಂಸ್ಥೆಯ ಪರ್ಸನಲ್ ಟ್ರೈನರ್ ಪರೀಕ್ಷೆ ಪಾಸು ಮಾಡಿದ. ಹಣ ಕೊಟ್ಟದ್ದು ಅವನ ಅಕ್ಕ. ಇಂಗ್ಲಿಷಿನಲ್ಲಿ ಓದುವುದು ಅವನಿಗೆ ಸುಲಭವಿರಲಿಲ್ಲ, ಆರು ತಿಂಗಳು ಕೂತು ಓದಿದ. ಪಾಸಾದ ದಿನ ನಾನು ಆ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಿ ರಿಸೆಪ್ಷನ್ ಹಿಂದಿನ ಗೋಡೆಗೆ ಹಾಕಿದೆ. ಅದರ ಕೆಳಗಡೆ ಸಣ್ಣ ಅಕ್ಷರದಲ್ಲಿ ಮುಗಿಯುವ ತಾರೀಕು ಇತ್ತು: 2023ರ ನವೆಂಬರ್ 30. ಅದನ್ನು ನಾನು ಎಲ್ಲಿಯೂ ಬರೆದಿಟ್ಟುಕೊಳ್ಳಲಿಲ್ಲ. ನನ್ನ ಪಾಲಿನ ತಪ್ಪು ಅಲ್ಲಿಂದಲೇ ಶುರು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಸರ್ಟಿಫಿಕೇಟ್‌ಗಳು ಡಿಗ್ರಿಯ ಹಾಗಲ್ಲ, ಡ್ರೈವಿಂಗ್ ಲೈಸನ್ಸ್‌ನ ಹಾಗೆ. ಎ.ಸಿ.ಇ., ಎನ್.ಎ.ಎಸ್.ಎಂ. ಎಂಬ ಅಮೆರಿಕದ ಸಂಸ್ಥೆಗಳಲ್ಲಿ ಎರಡು ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು, ಅಷ್ಟರಲ್ಲಿ 20 ಗಂಟೆಯ ಮುಂದುವರಿದ ಕಲಿಕೆ ತೋರಿಸಬೇಕು. ಎ.ಸಿ.ಎಸ್.ಎಂ. ಎಂಬ ಇನ್ನೊಂದರಲ್ಲಿ ಅವಧಿ ಮೂರು ವರ್ಷ, ಬೇಕಾದದ್ದು 45 ಪಾಯಿಂಟ್. ಇದರ ಜೊತೆಗೆ ಸಿ.ಪಿ.ಆರ್., ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ಕ್ರಮ, ಕಲಿತದ್ದಕ್ಕೆ ಚಾಲ್ತಿಯಲ್ಲಿರುವ ಕಾರ್ಡ್ ಬೇಕು, ಫೀಸು ಬೇರೆ. ದಿನೇಶನ ಸಂಸ್ಥೆಯದೂ ಎರಡು ವರ್ಷ, 20 ಗಂಟೆಯ ಲೆಕ್ಕವೇ.

ರಾಯರ ಕಣ್ಣಿಗೆ ಬಿದ್ದದ್ದು

ಸೆಪ್ಟೆಂಬರ್‌ನಲ್ಲಿ ಸಂಸ್ಥೆಯಿಂದ ನೆನಪಿನ ಮೇಲ್ ಬಂತು. ದಿನೇಶ ಗಾಬರಿಯಾಗಲಿಲ್ಲ. "ಅಣ್ಣ, ನನ್ನದು ಯಾವಾಗಲೋ ಆಗಿದೆ. ಅವರಿಗೆ ಎರಡು ಬೇಕು, ನನ್ನ ಹತ್ರ ನಾಲ್ಕು ಉಂಟು" ಎಂದ. ನಾನೂ ಸರಿ ಎಂದು ಸುಮ್ಮನಾದೆ.

ಅಕ್ಟೋಬರ್ ಮೊದಲ ವಾರ ಬೆಳಿಗ್ಗೆ ಇದೇ ಮಾತು ಮತ್ತೆ ಬಂತು. ಆಗ ಪಕ್ಕದಲ್ಲಿ ರಾಯರು ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. ಇವರ ನಿಜ ಹೆಸರೂ ಬೇರೆ. ವಯಸ್ಸು 67, ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಿಂದ ರಿಟೈರ್ ಆದವರು. ನಮ್ಮ ಬೆಳಗಿನ ಆರು ಗಂಟೆಯ ಬ್ಯಾಚಿನಲ್ಲಿ ಇಂಥವರು ಏಳೆಂಟು ಮಂದಿ ಇದ್ದಾರೆ. ಕೆನರಾ ಬ್ಯಾಂಕ್ 1906ರಲ್ಲಿ, ಕರ್ನಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ ಊರು ಇದು. ಇಲ್ಲಿ ಜಿಮ್ ಇಟ್ಟರೆ ರಿಟೈರ್ ಆದ ಮ್ಯಾನೇಜರುಗಳು ಬಾರದೆ ಇರುತ್ತಾರಾ!

"ಎಲ್ಲಿ, ಆ ಕಾಗದ ತೋರಿಸು ನೋಡುವ" ಎಂದರು ರಾಯರು. ದಿನೇಶ ಮೊಬೈಲು ಕೊಟ್ಟ. ಅವರು ಕನ್ನಡಕ ಹಣೆಗೇರಿಸಿ ಪರದೆಯನ್ನು ಮೂಗಿನ ಹತ್ತಿರ ತಂದರು.

"ಇದು ನಾಲ್ಕಲ್ಲ ಮಾರಾಯ. ಪಾಯಿಂಟ್ ನಾಲ್ಕು."

ಆದದ್ದು ಇಷ್ಟೇ. ಆ ಸಂಸ್ಥೆ ಗಂಟೆಯನ್ನು ನೇರವಾಗಿ ಬರೆಯುವುದಿಲ್ಲ, ಯೂನಿಟ್‌ನಲ್ಲಿ ಬರೆಯುತ್ತದೆ. 10 ಗಂಟೆಗೆ ಒಂದು ಯೂನಿಟ್. ಅಂದರೆ ರಿನ್ಯೂವಲ್‌ಗೆ ಬೇಕಾದ 2.0 ಎಂದರೆ 20 ಗಂಟೆ. ದಿನೇಶ ಅದನ್ನು ಎರಡು ಗಂಟೆ ಎಂದು ಓದಿದ್ದ. ಅವನು ಮಾಡಿದ್ದ ಆನ್‌ಲೈನ್ ಕೋರ್ಸ್ ನಾಲ್ಕು ಗಂಟೆಯದು. ಅದರ ಸರ್ಟಿಫಿಕೇಟ್‌ನಲ್ಲಿ 0.4 ಎಂದಿತ್ತು. ಕೋರ್ಸಿನ ಗಂಟೆಯನ್ನು ಗಂಟೆಯಾಗಿ, ನಿಯಮದ ಯೂನಿಟ್‌ನ್ನೂ ಗಂಟೆಯಾಗಿ ತಿಳಿದುಕೊಂಡು ಒಂದೂವರೆ ವರ್ಷ ನಿಶ್ಚಿಂತೆಯಿಂದ ಇದ್ದ. ಇದನ್ನು ಓದಿ ನಗಬೇಡಿ. ಆಮೇಲೆ ನಾನು ನಮ್ಮ ಉಳಿದ ಟ್ರೈನರ್‌ಗಳನ್ನು ಕೇಳಿದೆ, ಇನ್ನೊಬ್ಬಳೂ ಹೀಗೆಯೇ ಓದಿಕೊಂಡಿದ್ದಳು.

ರಾಯರು ಲೆಡ್ಜರ್ ಓದುವ ದನಿಯಲ್ಲಿ ಹೇಳಿದರು: "ಬೇಕಾದದ್ದು 2.0. ಕೈಯಲ್ಲಿರುವುದು 0.4. ಬಾಕಿ 1.6. ಸಿ.ಪಿ.ಆರ್.ಗೆ ಅವರೇ 0.1 ಕೊಡ್ತಾರೆ ಅಂತ ಬರೆದಿದ್ದಾರೆ. ಅಂದ್ರೆ 1.5, ಹದಿನೈದು ಗಂಟೆ. ದಿನ ಎಷ್ಟು ಉಂಟು?"

ದಿನ ಐವತ್ತಕ್ಕೂ ಸ್ವಲ್ಪ ಜಾಸ್ತಿ ಇತ್ತು. ಆದರೆ ನಡುವೆ ನವರಾತ್ರಿ. ದಿನೇಶ ಹುಲಿವೇಷದ ತಂಡದವನು. ನಮ್ಮ ಜಿಮ್ಮಿನ ಅರ್ಧ ಹುಡುಗರು ಆ ದಿನಗಳಲ್ಲಿ ಮೈಗೆ ಬಣ್ಣ ಹಚ್ಚಿಕೊಂಡು ಬೀದಿಯಲ್ಲಿರುತ್ತಾರೆ. ಅದು ಹರಕೆ, ಬಿಡು ಎನ್ನಲು ಆಗುವುದಿಲ್ಲ. ಅಕ್ಟೋಬರ್ 24ರ ವಿಜಯದಶಮಿವರೆಗೆ ಏನೂ ಆಗಲಿಲ್ಲ. ಬಣ್ಣ ಪೂರ್ತಿ ಹೋಗದ ಕಿವಿಯೊಂದಿಗೆ ಅವನು 26ಕ್ಕೆ ವಾಪಸ್ ಬಂದ.

ಮೊದಲ ನಿರ್ಧಾರ: ಯಾವ ಗಂಟೆ

ಅವನ ಮುಂದೆ ಸುಲಭದ ದಾರಿ ಒಂದಿತ್ತು. 20 ಗಂಟೆಯ ಕೋರ್ಸುಗಳನ್ನು ಕಟ್ಟು ಕಟ್ಟಿ ಕಡಿಮೆ ದರಕ್ಕೆ ಮಾರುತ್ತಾರೆ. ವಿಡಿಯೊ ಹಾಕಿಟ್ಟು ಮಲಗಿದರೂ ಓಡುತ್ತದೆ, ಕೊನೆಯ ಪ್ರಶ್ನೆಗಳಿಗೆ ಮೂರು ಸಲ ಉತ್ತರಿಸಬಹುದು. ಅವನ ಗೆಳೆಯ ಇದನ್ನೇ ಹೇಳಿದ: "ರಾತ್ರಿ ಹಚ್ಚಿ ಮಲಗು, ಬೆಳಿಗ್ಗೆ ಸರ್ಟಿಫಿಕೇಟ್." ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನಿಸಿತ್ತು. ದಿನ ಕಡಿಮೆ, ಕೆಲಸ ಆಗಲಿ ಎಂಬ ಆಸೆ.

ಅಡ್ಡ ಬಂದದ್ದು ರಾಯರೇ. "ನೀನು ನನಗೆ ಕಲಿಸ್ತಿ ಅಲ್ವಾ? ಹಾಗಾದ್ರೆ ನನ್ನಂಥವರಿಗೆ ಉಪಯೋಗ ಆಗುವ ಕೋರ್ಸ್ ಇಲ್ವಾ ಅದರಲ್ಲಿ?" ಎಂದು ಕೇಳಿದರು. ವಯಸ್ಸಾದವರಿಗೆ ವ್ಯಾಯಾಮ ಎಂಬ ಎಂಟು ಗಂಟೆಯ ಕೋರ್ಸ್ ಇತ್ತು. ಬೆಲೆ ಆ ಕಟ್ಟಿಗಿಂತ ಜಾಸ್ತಿ. ದಿನೇಶ ಎರಡು ದಿನ ಯೋಚಿಸಿ ಅದನ್ನೇ ತೆಗೆದುಕೊಂಡ.

ಅಷ್ಟಾದರೂ ಇನ್ನೂ ಏಳು ಗಂಟೆ ಬಾಕಿ. ಹಿಂದಿನ ವರ್ಷ ಅವನು ಬೆಂಗಳೂರಿನಲ್ಲಿ ಎರಡು ದಿನದ ಒಂದು ವರ್ಕ್‌ಶಾಪ್‌ಗೆ ಹೋಗಿದ್ದ. ಅದಕ್ಕೆ ಸಂಸ್ಥೆಯ ಮುಂಗಡ ಒಪ್ಪಿಗೆ ಇರಲಿಲ್ಲ. ಅಂಥ ಕೋರ್ಸುಗಳಿಗೂ ಫೀಸು ಕಟ್ಟಿ ಅರ್ಜಿ ಹಾಕಿದರೆ, ವಿಷಯ ಸರಿಯಾಗಿದ್ದರೆ, ಗಂಟೆ ಕೊಡುವ ಕ್ರಮ ಇದೆ. ಭಾಗವಹಿಸಿದ ಸರ್ಟಿಫಿಕೇಟ್, ಗಂಟೆವಾರು ವೇಳಾಪಟ್ಟಿ, ಕಲಿಸಿದವರ ಅರ್ಹತೆ ಎಲ್ಲ ಕೇಳುತ್ತಾರೆ. ವೇಳಾಪಟ್ಟಿಯ ಕಾಗದ ಎಂದೋ ಕಸಕ್ಕೆ ಹೋಗಿತ್ತು. ಒಂದು ಸಂಜೆ ಅವನು ಹಳೆಯ ವಾಟ್ಸಾಪ್ ಗುಂಪನ್ನು ಹಿಂದಕ್ಕೆ ತಳ್ಳುತ್ತಾ ತಳ್ಳುತ್ತಾ ಹೋಗಿ, ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ಹುಗಿದು ಹೋಗಿದ್ದ ಆ ಚಿತ್ರವನ್ನು ಹುಡುಕಿ ತೆಗೆದ.

ಚಿತ್ರದ ಪ್ರಕಾರ ಎರಡು ದಿನಕ್ಕೆ 14 ಗಂಟೆ. ದಿನೇಶ 14 ಎಂದೇ ಬರೆಯಲು ಹೊರಟ. ರಾಯರು ಪ್ರಿಂಟ್ ತರಿಸಿ ಪೆನ್ನು ಹಿಡಿದರು. ಊಟ, ಎರಡು ಗಂಟೆ, ಗೆರೆ. ಟೀ, ಒಟ್ಟು ಒಂದು ಗಂಟೆ, ಗೆರೆ. ಉದ್ಘಾಟನೆ ಮತ್ತು ಗ್ರೂಪ್ ಫೋಟೊ, ಗೆರೆ. ಕೊನೆಯ ಒಂದು ಗಂಟೆ ಪ್ರೋಟೀನ್ ಪೌಡರ್ ಕಂಪೆನಿಯವರ ಭಾಷಣ. "ಇದು ಕಲಿಕೆ ಅಲ್ಲ, ವ್ಯಾಪಾರ" ಎಂದು ಅದಕ್ಕೆ ಎರಡು ಗೆರೆ ಎಳೆದರು. ಉಳಿದದ್ದು ಒಂಬತ್ತು. ಒಂಬತ್ತಕ್ಕೆ ಅರ್ಜಿ ಹಾಕಿದ, ನವೆಂಬರ್ 13ಕ್ಕೆ ಉತ್ತರ ಬಂತು, ಸಿಕ್ಕಿದ್ದು ಎಂಟು. ಒಂದು ಗಂಟೆ ಯಾಕೆ ಹೋಯಿತೆಂದು ಅವರು ಹೇಳಲಿಲ್ಲ. 14 ಎಂದು ಬರೆದಿದ್ದರೆ ಇಡೀ ಅರ್ಜಿಯೇ ಬಿದ್ದು ಹೋಗುತ್ತಿತ್ತೋ ಏನೋ.

0.4, 0.8, 0.8. ಒಟ್ಟು 2.0. ಸಿ.ಪಿ.ಆರ್. ಸೇರಿದರೆ 2.1. ಗಂಟೆಯ ಲೆಕ್ಕ ಮುಗಿಯಿತು ಎಂದು ನಾವು ಗೋಳಿಬಜೆ ತಿಂದೆವು.

ಎಂಟು ಗಂಟೆಯ ಆ ಕೋರ್ಸಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ರಾಯರಿಗೆ ಬಿ.ಪಿ. ಇದೆ, ದಿನಾ ಮಾತ್ರೆ. ದಿನೇಶ ಎಲ್ಲರಿಗೂ ಮಾಡುವಂತೆ ಅವರಿಗೂ 220ರಲ್ಲಿ ವಯಸ್ಸು ಕಳೆದು, ಬಡಿತದ ಗರಿಷ್ಠ ಮಿತಿ 153 ಎಂದು ಲೆಕ್ಕ ಹಾಕಿ, ಕೈಗಡಿಯಾರದಲ್ಲಿ ಹೃದಯ ಬಡಿತ ನೋಡುತ್ತಿದ್ದ. ರಾಯರ ಬಡಿತ 105 ದಾಟುತ್ತಲೇ ಇರಲಿಲ್ಲ. "ಸರ್ ಇನ್ನೂ ಬಿಸಿಯೇ ಆಗಿಲ್ಲ, ಎರಡು ನಿಮಿಷ ಜಾಸ್ತಿ ಮಾಡಿ" ಎಂದು ತಳ್ಳುತ್ತಿದ್ದ. ಅವರು ಉಸಿರು ಬಿಗಿಹಿಡಿದು ಮಾಡುತ್ತಿದ್ದರು. ಕೋರ್ಸಿನ ಮೂರನೇ ಪಾಠದಲ್ಲಿ ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆಗಳ ಬಗ್ಗೆ ಇತ್ತು. ಅವು ಹೃದಯ ಬಡಿತ ಏರದಂತೆ ತಡೆಯುತ್ತವೆ. ಅಂಥವರಿಗೆ ಬಡಿತದ ಲೆಕ್ಕ ನಂಬಬಾರದು. ಎಷ್ಟು ಸುಸ್ತು ಅನಿಸುತ್ತದೆ ಎಂದು ಕೇಳಬೇಕು, ಮಾತಾಡಿಸಿ ನೋಡಬೇಕು. ಒಂದು ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ನಿಲ್ಲಿಸಬೇಕು.

ಮಾರನೇ ದಿನ ದಿನೇಶ ರಾಯರ ಮಾತ್ರೆಯ ಪಟ್ಟಿ ಕೇಳಿದ. ಅದರಲ್ಲಿ ಆ ಜಾತಿಯ ಮಾತ್ರೆ ಇತ್ತು. ಅವನ ಮುಖ ನೋಡುವ ಹಾಗಿರಲಿಲ್ಲ. "ಒಂದು ವರ್ಷದಿಂದ ಸೋಮಾರಿ ಅಂತ ತಿಳ್ಕೊಂಡಿದ್ದೆ ಅಣ್ಣ" ಎಂದ. ವಿಡಿಯೊ ಹಚ್ಚಿ ಮಲಗಿದ್ದರೂ ಅದೇ 0.8 ಸಿಗುತ್ತಿತ್ತು.

ಕೈ ತಾಗದ ಕಾರ್ಡ್

ಸಿ.ಪಿ.ಆರ್. ವಿಷಯದಲ್ಲಿ ನಾವು ಬಿದ್ದೆವು. ಹಳೆಯ ಕಾರ್ಡ್ ಅವಧಿ ಮುಗಿದಿತ್ತು. ಅಕ್ಟೋಬರ್‌ನಲ್ಲೇ ದಿನೇಶ ಆನ್‌ಲೈನ್‌ನಲ್ಲಿ 799 ರೂಪಾಯಿಗೆ ಹೊಸದು ತೆಗೆದುಕೊಂಡಿದ್ದ. ನಲವತ್ತು ನಿಮಿಷದ ವಿಡಿಯೊ, ಹತ್ತು ಪ್ರಶ್ನೆ, ಬಂಗಾರದ ಬಣ್ಣದ ಅಂಚಿನ ಚಂದದ ಪಿ.ಡಿ.ಎಫ್. ನವೆಂಬರ್ 18ಕ್ಕೆ ಎಲ್ಲ ಕಾಗದ ಒಟ್ಟಿಗೆ ಕಳಿಸಿದ. 20ಕ್ಕೆ ವಾಪಸ್. ಕಾರಣ ಒಂದೇ ಸಾಲು: ಕೈಯಿಂದ ಮಾಡಿ ತೋರಿಸಿದ ಪರೀಕ್ಷೆ ಇಲ್ಲ.

ನಿಯಮ ಅಲ್ಲೇ ಬರೆದಿತ್ತು. ನಾನೂ ಓದಿರಲಿಲ್ಲ. ಹೆಸರಾಂತ ಸಂಸ್ಥೆಗಳಲ್ಲಿ ಹಲವು ಇದನ್ನು ಕೇಳುತ್ತವೆ. ಪಾಠ ಆನ್‌ಲೈನ್ ಆಗಿದ್ದರೂ, ಬೊಂಬೆಯ ಎದೆ ಒತ್ತಿ ಒಬ್ಬರ ಮುಂದೆ ತೋರಿಸಿರಬೇಕು. ಗಂಟೆಗಳ ಹಿಂದೆ ಓಡುತ್ತಾ ಒಂದು ಕಾರ್ಡನ್ನು ಕೊನೆಗೆ ಇಟ್ಟುಕೊಂಡದ್ದೇ ನಮ್ಮ ದೊಡ್ಡ ತಪ್ಪು ಎಂದು ಈಗ ನನಗೆ ಅನಿಸುತ್ತದೆ. ಗಂಟೆಯನ್ನು ರಾತ್ರಿ ಮನೆಯಲ್ಲಿ ಕೂತು ತುಂಬಿಸಬಹುದು. ಕಾರ್ಡ್‌ಗೆ ಬ್ಯಾಚ್ ಬೇಕು, ಸೀಟು ಬೇಕು, ಕಲಿಸುವವರು ಬಿಡುವಾಗಿರಬೇಕು.

ಮೆಡಿಕಲ್ ಕಾಲೇಜುಗಳಿರುವ ಊರು, ಸೀಟು ಸುಲಭದಲ್ಲಿ ಸಿಗುತ್ತದೆ ಎಂದುಕೊಂಡಿದ್ದೆವು. ಫೋನ್ ಮಾಡಿದರೆ ಒಂದು ಕಡೆ ಅವರ ಸಿಬ್ಬಂದಿಗೆ ಮಾತ್ರ, ಇನ್ನೊಂದು ಕಡೆ ಬ್ಯಾಚ್ ತುಂಬಿದೆ. ಉಡುಪಿ ಕಡೆ ಕೇಳಿದೆವು, ಅಲ್ಲಿಯೂ ಡಿಸೆಂಬರ್ ನಡುಭಾಗ. ಕೊನೆಗೆ ಮಂಗಳೂರಿನಲ್ಲೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕಾರ್ಡ್ ಕೊಡುವ ಒಂದು ಕೇಂದ್ರದಲ್ಲಿ ಡಿಸೆಂಬರ್ 2, ಶನಿವಾರದ ಬಿ.ಎಲ್.ಎಸ್. ಎಂಬ, ಸಿ.ಪಿ.ಆರ್. ಕಲಿಸುವ ತರಗತಿಗೆ ಒಂದು ಸೀಟು ಸಿಕ್ಕಿತು. ಸರ್ಟಿಫಿಕೇಟ್ ಮುಗಿಯುವುದು ನವೆಂಬರ್ 30ಕ್ಕೆ. ಎರಡು ದಿನದ ವ್ಯತ್ಯಾಸ.

ಹೇಳುವುದಾ, ಬೇಡವಾ

ಎರಡು ದಿನ ತಾನೇ ಎಂದು ಬಿಟ್ಟುಬಿಡಬಹುದಿತ್ತು. ಬಿಡಲು ಆಗದ್ದಕ್ಕೆ ಕಾರಣ ಒಂದು ಕಂಪೆನಿ. ಅದರ ಉದ್ಯೋಗಿಗಳಿಗೆ ದಿನೇಶ ವಾರಕ್ಕೆ ಮೂರು ದಿನ ಕಲಿಸುತ್ತಿದ್ದ. ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇರುವವರೇ ಬರಬೇಕೆಂದು ಅವರ ಒಪ್ಪಂದದಲ್ಲಿತ್ತು. ಯಾರೂ ಪರಿಶೀಲಿಸುತ್ತಿರಲಿಲ್ಲ ಎಂಬುದೂ ನಿಜ.

ಗೆಳೆಯರಲ್ಲಿ ಒಬ್ಬ ತಾರೀಕು ತಿದ್ದಿಕೊಡುವುದಾಗಿ ಹೇಳಿದ. ಐದು ನಿಮಿಷದ ಕೆಲಸವಂತೆ. ಇದನ್ನು ದಿನೇಶ ನನಗೆ ಹೇಳಿದ್ದು ನಗುತ್ತಾ, ಆದರೆ ಹೇಳಿ ನನ್ನ ಮುಖ ನೋಡಿದ. ಅಷ್ಟರಲ್ಲಿ ಅವನು ನನ್ನ ಒಪ್ಪಿಗೆ ಕೇಳುತ್ತಿದ್ದಾನೆಂದು ಗೊತ್ತಾಯಿತು. ಆ ಸಂಸ್ಥೆಗಳ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯೋ ಇಲ್ಲವೋ ತೋರಿಸುತ್ತದೆ. ನಾನು ಅದನ್ನು ತೆರೆದು ಅವನ ಹೆಸರೇ ಹಾಕಿ ತೋರಿಸಿದೆ. ಬೇರೇನೂ ಹೇಳಲಿಲ್ಲ.

ನವೆಂಬರ್ 28ಕ್ಕೆ ಕಂಪೆನಿಯ ಎಚ್.ಆರ್. ಮೇಡಂಗೆ ಫೋನ್ ಮಾಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿನ್ಯೂ ಆಗುವವರೆಗೆ ಬೇರೆಯವರನ್ನು ಕಳಿಸ್ತೀರಾ?" ಎಂದರು. ಬೈಗುಳ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ನಮ್ಮಲ್ಲಿ ಇನ್ನೊಬ್ಬಳು ಟ್ರೈನರ್ ಇದ್ದಳು, ಅವಳನ್ನು ಕಳಿಸಿದೆ. ಆ ದಿನಗಳ ದುಡ್ಡು ದಿನೇಶನ ಕೈ ತಪ್ಪಿತು.

ಶನಿವಾರ ಅವನನ್ನು ಬಿಡಲು ನಾನೇ ಹೋಗಿದ್ದೆ, ಒಳಗೆ ಕೂರಲು ಬಿಟ್ಟರು. ನರ್ಸಿಂಗ್ ಓದುವ ಹುಡುಗಿಯರ ನಡುವೆ 180 ಕಿಲೊ ಡೆಡ್‌ಲಿಫ್ಟ್ ಎತ್ತುವ ಇವನೊಬ್ಬ. ಬೊಂಬೆಗೆ ಒಂದು ಮೀಟರ್ ಜೋಡಿಸಿರುತ್ತಾರೆ, ಒತ್ತುವ ವೇಗ, ಆಳ ಎರಡನ್ನೂ ಅದು ತೋರಿಸುತ್ತದೆ. ನಿಮಿಷಕ್ಕೆ 100ರಿಂದ 120 ಸಲ, ಎದೆ ಕನಿಷ್ಠ 5 ಸೆಂಟಿಮೀಟರ್ ಇಳಿಯಬೇಕು, 6 ದಾಟಬಾರದು, ಪ್ರತಿ ಸಲ ಪೂರ್ತಿ ಮೇಲೆ ಬರಬೇಕು. ದಿನೇಶ ಶುರು ಮಾಡಿದ. ಮೀಟರ್ 140 ತೋರಿಸಿತು. ಮೊಣಕೈ ಮಡಚುತ್ತಿತ್ತು, ಎದೆ ಮೇಲೆ ಬರುವ ಮೊದಲೇ ಮತ್ತೆ ಒತ್ತುತ್ತಿದ್ದ.

ಕಲಿಸುತ್ತಿದ್ದ ಸಿಸ್ಟರ್ ಅವನ ಭುಜದಷ್ಟೂ ಎತ್ತರ ಇರಲಿಲ್ಲ. "ಎಂತ ಸರ್, ಬಸ್ಸಿಗೆ ಲೇಟ್ ಆಯ್ತಾ? ಎದೆಯನ್ನು ಮೇಲೆ ಬರ್ಲಿಕ್ಕೆ ಬಿಡಿ. ರಕ್ತ ತುಂಬುವುದು ಆಗಲೇ" ಎಂದು ಅವನ ಮೊಣಕೈಯನ್ನು ಎರಡು ಬೆರಳಿನಿಂದ ನೇರ ಮಾಡಿದರು. ನಾಲ್ಕನೇ ಸುತ್ತಿನಲ್ಲಿ ಮೀಟರ್ 112ಕ್ಕೆ ಬಂದು ನಿಂತಿತು. ಅವನ ಮೂಗಿನಿಂದ ಬೆವರು ಬೊಂಬೆಯ ಮೇಲೆ ತೊಟ್ಟಿಕ್ಕುತ್ತಿತ್ತು. 799 ರೂಪಾಯಿಯ ಕಾರ್ಡ್ ಹಿಡಿದುಕೊಂಡು ನಮ್ಮ ಬೆಳಗಿನ ಬ್ಯಾಚಿನ ಮುಂದೆ ನಿಂತಿದ್ದನಲ್ಲ ಎಂದು ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

ಲಿಖಿತ ಪರೀಕ್ಷೆಯೂ ಪಾಸಾಯಿತು. ಸೋಮವಾರ ಇ-ಕಾರ್ಡ್ ಬಂತು. ಅದರಲ್ಲಿ ಹೆಸರಿನ ಮುಂದೆ ಇನಿಷಿಯಲ್, ಹಳೆಯ ಸರ್ಟಿಫಿಕೇಟ್‌ನಲ್ಲಿ ಮನೆತನದ ಹೆಸರು. ಆಧಾರ್ ಪ್ರತಿ ಸೇರಿಸಿ ಕಳಿಸಿದೆವು. ಫೀಸಿನ ಜೊತೆ ತಡವಾದದ್ದಕ್ಕೆ ದಂಡ, ಎರಡೂ ಡಾಲರ್‌ನಲ್ಲಿ. ಅವನ ಡೆಬಿಟ್ ಕಾರ್ಡ್ ಮೂರು ಸಲ ತಿರಸ್ಕೃತ. ಹೊರದೇಶದ ಬಳಕೆ ಅದರಲ್ಲಿ ಆಫ್ ಆಗಿತ್ತು. ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಗುತ್ತದೆ, ಅದನ್ನು ಹುಡುಕಲು ಅರ್ಧ ಗಂಟೆ. ಡಿಸೆಂಬರ್ 9ಕ್ಕೆ ರಿನ್ಯೂ ಆಯಿತು. ಜಾಸ್ತಿ ಬಂದಿದ್ದ 0.1 ಮುಂದಿನ ಸಲಕ್ಕೆ ಜಮೆ ಆಗುವುದಿಲ್ಲವಂತೆ. ರಾಯರಿಗೆ ಅದೊಂದು ಬೇಸರ.

ಆಮೇಲೆ

ದಿನೇಶ ಕಂಪೆನಿಗೆ ವಾಪಸ್ ಹೋದ. ಆದರೆ ಬ್ಯಾಚಿನ ಐದು ಮಂದಿ ಹೆಂಗಸರು ಹೊಸ ಟ್ರೈನರ್ ಹತ್ತಿರವೇ ಉಳಿಯುತ್ತೇವೆ ಎಂದರು. ಈಗ ಅಲ್ಲಿ ಎರಡು ಬ್ಯಾಚ್ ಇದೆ, ಅವನದು ಸಣ್ಣದು. ಅವನಿಗೆ ಅದರ ನೋವು ಇದೆ, ನನಗೂ ಸ್ವಲ್ಪ ಇದೆ. ಸುಮ್ಮನೆ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅವನು ಒಮ್ಮೆ ಹೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಅದೇ ಸಂದರ್ಭ ಬಂದರೂ ನಾನು ಆ ಫೋನ್ ಮಾಡುತ್ತೇನೆ, ಅಷ್ಟು ಗೊತ್ತು.

ಜಿಮ್‌ನಲ್ಲಿ ಬದಲಾದದ್ದು ಸ್ವಲ್ಪವೇ. ಎಲ್ಲ ಟ್ರೈನರ್‌ಗಳ ತಾರೀಕೂ ಈಗ ನನ್ನ ಮೇಜಿನ ಕ್ಯಾಲೆಂಡರಿನಲ್ಲಿದೆ, ಆರು ತಿಂಗಳು ಮೊದಲಿನ ಪುಟದಲ್ಲಿ. ಸಿ.ಪಿ.ಆರ್. ಸೀಟನ್ನು ಎಲ್ಲಕ್ಕಿಂತ ಮೊದಲು ಹಿಡಿಯುತ್ತೇವೆ, ಗಂಟೆ ಆಮೇಲೆ. ಯಾವ ವರ್ಕ್‌ಶಾಪ್‌ಗೆ ಹೋದರೂ ವೇಳಾಪಟ್ಟಿಯ ಫೋಟೊ ಅದೇ ದಿನ ನನಗೆ ಬರಬೇಕು.

ದಿನೇಶನಿಗೆ ರಾಯರು ಒಂದು ಉದ್ದ ಪುಸ್ತಕ ಕೊಟ್ಟಿದ್ದಾರೆ, ಹಳೆಯ ಪಾಸ್‌ಬುಕ್ಕಿನ ಹಾಗೆ ಗೆರೆ ಹಾಕಿ. ತಾರೀಕು, ವಿವರ, ಜಮೆ, ಬಾಕಿ. ಮೊದಲ ಸಾಲು ಅವರದೇ ಕೈಬರಹ: ಆರಂಭದ ಬಾಕಿ 2.0, ಕೊನೆಯ ದಿನ 30-11-2025. ಅದರ ಕೆಳಗೆ ದಿನೇಶ ಬರೆದ ಮೊದಲ ಜಮೆ ಫೆಬ್ರವರಿಯದು, 0.3. ಆ 0.3ರ ಪಕ್ಕದಲ್ಲಿ ಅವನು ಪೆನ್ಸಿಲಿನಲ್ಲಿ ಸಣ್ಣದಾಗಿ "ಮೂರು ಗಂಟೆ" ಎಂದು ಬರೆದುಕೊಂಡಿದ್ದಾನೆ.